ಮೋಟಾರಿನ ‘ಬ್ರಷ್’ ಅಂದರೆ ಕುಂಚವೇ?

ಅಕ್ಕನ ಮಗ ಕಾಸರಗೋಡಿನ ಬದಿಯಡ್ಕದಲ್ಲಿ ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ವಿಜ್ಞಾನ ಮೇಳಕ್ಕೆ ರಿಮೋಟ್ ವಿಮಾನ ಮಾಡುತ್ತಿದ್ದಾನೆ. ವಿವರಣೆಯ ಹಾಳೆಯಲ್ಲಿ ‘ಬ್ರಷ್‌ಲೆಸ್ ಮೋಟಾರ್’ಗೆ ‘ಕುಂಚರಹಿತ ಮೋಟಾರ್’ ಎಂದು ಬರೆದಿದ್ದ. “ಸರಿ ಉಂಟಾ ಮಾವ?” ಎಂದು ಕೇಳಿದ. ನನಗೆ ಒಪ್ಪಿಗೆಯಾಗಲಿಲ್ಲ.

ಕುಂಚ ಅಂದರೆ ಕೂದಲಿರಬೇಕು, ಬಣ್ಣ ಬಳಿಯಬೇಕು. ಮೋಟಾರಿನ ಬ್ರಷ್ ಒಂದು ಕರಿ ತುಂಡು, ಹಿಂದೆ ಸ್ಪ್ರಿಂಗ್. ತಿರುಗುವ ತಾಮ್ರದ ಉರುಳೆಗೆ ಒತ್ತಿಕೊಂಡು ಕರೆಂಟ್ ದಾಟಿಸುತ್ತದೆ, ಉಜ್ಜಿ ಉಜ್ಜಿ ಸವೆಯುತ್ತದೆ. ಮೊದಮೊದಲು ತಾಮ್ರದ ತಂತಿಯ ಕಟ್ಟನ್ನೇ ಹೀಗೆ ಬಳಸುತ್ತಿದ್ದರು, ಬ್ರಷ್ ಎಂಬ ಹೆಸರು ಅಲ್ಲಿಂದ ಬಂತು. ಮಿಕ್ಸಿ ನಿಂತರೆ ನಮ್ಮ ಪೇಟೆಯ ರಿಪೇರಿಯವರು ಹೇಳುವುದು “ಕಾರ್ಬನ್ ಹೋಗಿದೆ” ಅಂತ. ‘ಕಾರ್ಬನ್ ಇಲ್ಲದ ಮೋಟಾರ್’ ಅಂದರೆ ಮನೆಯವರಿಗೆಲ್ಲ ಅರ್ಥವಾಗುತ್ತದೆ.

ಆದರೂ ಒಂದು ತೊಡಕು. ತೋಟದ ಪಂಪಿಗೂ ಹಳೇ ಸೀಲಿಂಗ್ ಫ್ಯಾನಿಗೂ ಕಾರ್ಬನ್ ಇಲ್ಲ, ಅವನ್ನು ಯಾರೂ ಬ್ರಷ್‌ಲೆಸ್ ಅನ್ನುವುದಿಲ್ಲ. ವಿಮಾನದ ಮೋಟಾರಿನಲ್ಲಿ ಸುರುಳಿ ನಿಂತಿರುತ್ತದೆ, ಮ್ಯಾಗ್ನೆಟ್ ಇರುವ ಹೊರ ಚಿಪ್ಪು ತಿರುಗುತ್ತದೆ. ಯಾವ ಸುರುಳಿಗೆ ಯಾವಾಗ ಕರೆಂಟ್ ಎಂದು ನೋಡಿಕೊಳ್ಳುವುದು ಇಎಸ್‌ಸಿ ಎಂಬ ಸಣ್ಣ ಬೋರ್ಡು. ಹಾಗಾಗಿ ಹೆಸರು ‘ಬ್ರಷ್‌ಲೆಸ್’ ಎಂದೇ ಇರಲಿ, ‘ಕಾರ್ಬನ್ ಇಲ್ಲದ್ದು’ ಎಂಬುದು ವಿವರಣೆಯಲ್ಲಿ ಬರಲಿ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಪದ ‘ಅದಲುಬದಲು’. ಇಎಸ್‌ಸಿಯಿಂದ ಮೋಟಾರಿಗೆ ಮೂರು ವಯರು. ಹುಡುಗ ಪ್ರೊಪೆಲ್ಲರ್ ಕಳಚಿಟ್ಟು, ಚಿಪ್ಪಿನ ಮೇಲೆ ಕಾಗದದ ಚೂರು ಅಂಟಿಸಿ ಓಡಿಸಿದ. ಚೂರು ಉಲ್ಟಾ ಸುತ್ತಿತು. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅಜ್ಜ ಅಲ್ಲಿಂದಲೇ ಹೇಳಿದರು: “ಯಾವುದಾದರೂ ಎರಡು ವಯರು ಅದಲುಬದಲು ಮಾಡು ಮಾರಾಯ. ತ್ರೀ ಫೇಸ್ ಪಂಪಿಗೂ ಹಾಗೇ ಅಲ್ವಾ?” ಮಾಡಿದ, ಸರಿಯಾಯಿತು. ಹಾಳೆಯಲ್ಲಿದ್ದ ‘ವಿಲೋಮ ಸಂಪರ್ಕ’ವನ್ನು ಆಗಲೇ ಹೊಡೆದುಹಾಕಿದ. ಆದರೆ ‘ವಯರು ಅದಲುಬದಲು’ ಎಂದಷ್ಟೇ ಬರೆದರೆ ಅಪಾಯ. ಬ್ಯಾಟರಿ ಕಡೆಯ ಕೆಂಪು, ಕಪ್ಪು ಅದಲುಬದಲಾದರೆ ಇಎಸ್‌ಸಿ ಸುಟ್ಟುಹೋಗುತ್ತದೆ. ‘ಮೋಟಾರ್ ಕಡೆಯ ವಯರು’ ಎಂದು ಬಿಡಿಸಿ ಬರೆಯಲೇಬೇಕು.

ಮೋಟಾರಿನ ಮೇಲೆ ‘1000 ಕೆವಿ’ ಎಂದೂ ಇದೆ. ರಸ್ತೆ ಬದಿಯ 11 ಕೆವಿ ಲೈನ್ ನೋಡಿದವನು ಅದನ್ನು ಕಿಲೋವೋಲ್ಟ್ ಎಂದೇ ತಿಳಿದಿದ್ದ. ಇಲ್ಲಿ ಅದರ ಅರ್ಥ ಭಾರ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು. 11.1 ವೋಲ್ಟಿನ ಬ್ಯಾಟರಿಗೆ ಸುಮಾರು 11,100 ಸುತ್ತು. ‘ವೋಲ್ಟಿಗೆ ಇಷ್ಟು ಸುತ್ತು’ ಎಂದು ಬರೆದರೆ ಸಾಕಲ್ವಾ?

ನಮ್ಮ ಹಾಗೆ ಕರ್ನಾಟಕದ ಹೊರಗಿರುವ ಸೊಲ್ಲಾಪುರ, ಹೊಸೂರು, ಆದೋನಿ ಕಡೆಯ ಕನ್ನಡದವರು ದಯವಿಟ್ಟು ತಿಳಿಸಿ. ನಿಮ್ಮೂರಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಆ ಕರಿ ತುಂಡಿಗೆ ಏನನ್ನುತ್ತಾರೆ?