ಹಳ್ಳಿಯ ಯುವಜನರನ್ನು ಹವಾಮಾನದ ಕೆಲಸಕ್ಕೆ ಸೇರಿಸಿಕೊಂಡವರು ಅನುಭವ ಹೇಳಿ

ಕೇಳಿದ್ದು: ಹವಾಮಾನ ಬದಲಾವಣೆ ಬಗ್ಗೆ ನಮ್ಮ ಯುವಕ ಸಂಘದಲ್ಲಿ ಎರಡು ಸಭೆ ಮಾಡಿದೆವು. ಮೊದಲನೆಯದಕ್ಕೆ ಮೂವತ್ತು ಜನ ಬಂದರು, ಎರಡನೆಯದಕ್ಕೆ ನಾಲ್ಕೇ ಜನ. ನೆಟ್ಟ ಗಿಡಗಳೂ ಒಣಗಿದವು. ಹದಿನೆಂಟು-ಇಪ್ಪತ್ತರ ವಯಸ್ಸಿನವರು ಕೈಬಿಡದೆ ಕೆಲಸ ಮಾಡುವ ಹಾಗೆ ಏನು ಮಾಡಬೇಕು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಒಬ್ಬರು: ನಮಗೂ ಹೀಗೇ ಆಗಿತ್ತು. 2015ರ ಪ್ಯಾರಿಸ್ ಒಪ್ಪಂದ, ಭೂಮಿಯ ತಾಪ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಲು ದೇಶಗಳು ಪ್ರಯತ್ನಿಸಬೇಕು ಅಂತ ಶುರು ಮಾಡಿದ್ದೆವು. ಆ ಒಂದೂವರೆ ಡಿಗ್ರಿಗೂ ತಮ್ಮ ಹೊಲಕ್ಕೂ ಏನು ಸಂಬಂಧ ಅಂತ ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ಭಾಷಣ ಬಿಟ್ಟು ಅಳೆಯುವ ಕೆಲಸ ಕೊಟ್ಟೆವು. ಒಂದು ಮಳೆಮಾಪಕ, ಒಂದು ಸ್ಟೀಲ್ ಟೇಪು, ಒಂದು ನೋಟ್‌ಬುಕ್. ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಬಿಡುವುದು. ಮೇಲೆತ್ತಿದಾಗ ಸುಣ್ಣ ಎಲ್ಲಿವರೆಗೆ ಒದ್ದೆಯಾಗಿದೆ ನೋಡಿ, ಬಾವಿಯ ಬಾಯಿಂದ ಇಳಿಬಿಟ್ಟ ಉದ್ದದಲ್ಲಿ ಆ ಒದ್ದೆ ಭಾಗ ಕಳೆದರೆ ನೀರು ಎಷ್ಟು ಕೆಳಗಿದೆ ಅಂತ ಸಿಗುತ್ತದೆ. ವಾರಕ್ಕೊಮ್ಮೆ, ಬೆಳಿಗ್ಗೆ ಪಂಪು ಹಾಕುವ ಮುಂಚೆ.

ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. ನಮ್ಮ ಗುಂಪಿನ ಹುಡುಗಿಯೊಬ್ಬಳು ತಮ್ಮ ಮನೆಯ ಛಾವಣಿಗೆ ಲೆಕ್ಕ ಹಾಕಿದಳು: 50 ಚದರ ಮೀಟರ್, ಆವತ್ತಿನ ಮಳೆ 20 ಮಿ.ಮೀ., ಒಟ್ಟು 1,000 ಲೀಟರ್. "ಅಷ್ಟೂ ನೀರು ಚರಂಡಿಗೆ ಹೋಯ್ತೇನೇ?" ಅಂತ ಅವಳ ಅಜ್ಜಿ ಕೇಳಿದರು. ಆ ಮನೆಯಲ್ಲಿ ಮಳೆನೀರಿನ ತೊಟ್ಟಿ ಕಟ್ಟಿಸಿದ್ದು ಆಮೇಲೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಬರೆದವರೇ ಊರ ಸಭೆಯಲ್ಲಿ ಲೆಕ್ಕ ಓದಲಿ. ಒಂದು ವರ್ಷ ನಾವು ಹಿರಿಯರೇ ಓದಿಬಿಟ್ಟೆವು, ಅರ್ಧ ಜನ ಬರುವುದನ್ನೇ ನಿಲ್ಲಿಸಿದರು.

ಇನ್ನೊಬ್ಬರು: ದುಡಿಮೆಗೆ ತಾಳೆಯಾಗದಿದ್ದರೆ ಯಾವುದೂ ಉಳಿಯಲ್ಲ. ನಮ್ಮ ಹುಡುಗರು ಭತ್ತದ ಗದ್ದೆಯಲ್ಲಿ ತೂತು ಕೊರೆದ ಪೈಪು ಹೂತಿದ್ದಾರೆ. ಅದರೊಳಗೆ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದ ಮೇಲೆಯೇ ಮತ್ತೆ ನೀರು ಬಿಡುತ್ತಾರೆ, ಹೂವಾಡುವ ಹೊತ್ತಿನಲ್ಲಿ ಮಾತ್ರ ಒಣಗಲು ಬಿಡುವುದಿಲ್ಲ. ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿಗೆ ಗಾಳಿ ಸಿಗದೆ, ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಹುಟ್ಟುತ್ತದೆ. ನಡುನಡುವೆ ಒಣಗಿದರೆ ಅದು ಕಡಿಮೆ. ಮನೆಯವರು ಒಪ್ಪಿದ್ದು ಮೀಥೇನಿಗಲ್ಲ, ಪಂಪಿನ ಖರ್ಚು ಉಳಿದದ್ದಕ್ಕೆ. ಮೊದಲು ಒಂದೇ ಮಡಿಯಲ್ಲಿ ಮಾಡಿ ತೋರಿಸಿ.

ಮತ್ತೊಬ್ಬರು: ಸಭೆಯನ್ನು ಸಂಜೆ ಇಟ್ಟರೆ ಹೆಣ್ಣುಮಕ್ಕಳು ಬರೋದಿಲ್ಲ. ಸಮಯ ಯಾವುದು ಅಂತ ಅವರನ್ನೇ ಕೇಳಿ.

ಕೇಳಿದವರು: ತುಂಬಾ ಉಪಕಾರ ಆಯ್ತು. ಈ ವಾರವೇ ಬಾವಿಯಿಂದ ಶುರು ಮಾಡ್ತೇವೆ. ಟೇಪು ಎಷ್ಟು ಉದ್ದದ್ದು ಬೇಕು?

ಮೊದಲನೆಯವರು: ಬೇಸಿಗೆಯಲ್ಲಿ ನೀರು ಎಲ್ಲಿಗೆ ಇಳಿಯುತ್ತದೋ ಅದಕ್ಕಿಂತ ಎರಡು ಮೀಟರ್ ಹೆಚ್ಚಿರಲಿ. ಕಟ್ಟೆ ಇಲ್ಲದ ಬಾವಿ ಹತ್ತಿರ ಯಾರನ್ನೂ ಬಗ್ಗಲು ಬಿಡಬೇಡಿ, ಇಬ್ಬರು ಜೊತೆಗಿರಲಿ.