ಪುಟ್ಟಾ, ಮೊದಲು ಟೇಪ್ ಹಿಡಿ

ಪುಟ್ಟಾ, ನೀನು ಗ್ರೂಪಿಗೆ ಹಾಕಿದ ಫೋಟೋ, ಕಾರ್ಪೆಂಟರ್ ಬರೆದುಕೊಟ್ಟ ಚೀಟಿ ಎರಡೂ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯಲ್ಲ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ, ಬೇರೆಯವರು ಬೇಕಾದರೆ ಬಿಟ್ಟು ಮುಂದೆ ಹೋಗಿ. ನಿನ್ನ ಪ್ರಶ್ನೆ ಇಷ್ಟೇ ಅಲ್ವಾ? ನಿನ್ನ ಮಾಡೆಲ್ ರೈಲುಗಳನ್ನು ಜೋಡಿಸಿಡಲು ಹಾಲ್‌ನ ಗೋಡೆಗೆ ಗಾಜಿನ ಕೇಸ್ ಬೇಕು, ರೆಡಿಮೇಡ್ ತಗೊಳ್ಳೋದಾ, ಮಾಡಿಸೋದಾ. ಮಾಡಿಸು. ಆದರೆ ಆ ಚೀಟಿಯಲ್ಲಿರುವ ಒಂಬತ್ತು ಇಂಚು ಆಳ ಬೇಡವೇ ಬೇಡ.

ಅತ್ತಿಗೆ ಕಳಿಸಿದ ಲಿಂಕ್ ತೆಗೆದು ನೋಡಿದೆ. ಅದು ಆಟದ ಕಾರು ಇಡುವ ಕೇಸ್. ಹಾಟ್ ವೀಲ್ಸ್ ಥರದ ಕಾರು ಒಂದೊಂದೂ ಏಳೆಂಟು ಸೆಂಟಿಮೀಟರ್ ಇರುತ್ತದೆ. ಅದರ ಅಳತೆಗೆ ಗೂಡು ಮಾಡಿದ್ದಾರೆ. ನಿನ್ನ ಒಂದು ಬೋಗಿ ಇಡಬೇಕೆಂದರೆ ಮಧ್ಯದ ತಡಿಕೆಗಳನ್ನೆಲ್ಲ ಕೀಳಬೇಕು. ಅತ್ತಿಗೆ, ಬೇಜಾರು ಮಾಡಿಕೊಳ್ಳಬೇಡಿ, ನೋಡುವುದಕ್ಕೆ ಚೆನ್ನಾಗಿಯೇ ಇದೆ. ರೈಲಿಗೆ ಆಗಲ್ಲ ಅಷ್ಟೇ.

ಈಗ ಅಳತೆ. ನಿನ್ನವು ಎಚ್‌ಒ ಅಳತೆಯವು, ಅಂದರೆ 1:87, ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ನಿಜವಾದ ಎಲ್‌ಎಚ್‌ಬಿ ಬೋಗಿ, ಅಂದರೆ ಈಗಿನ ಹೊಸ ನಮೂನೆಯದು, ಹೆಚ್ಚುಕಡಿಮೆ 24 ಮೀಟರ್. 87ರಿಂದ ಭಾಗಿಸಿದರೆ ಇಪ್ಪತ್ತೇಳೂವರೆ ಸೆಂಟಿಮೀಟರ್ ಬರುತ್ತದೆ. ಹಳೆಯ ನೀಲಿ ಐಸಿಎಫ್ ನಮೂನೆಯ ಬೋಗಿ ಅದಕ್ಕಿಂತ ಎರಡು ಸೆಂಟಿಮೀಟರ್ ಗಿಡ್ಡ. ಡಬ್ಲ್ಯೂಎಪಿ-7 ಅನ್ನುವ ಕರೆಂಟ್ ಎಂಜಿನ್ ಇಪ್ಪತ್ಮೂರೂವರೆ. ಎಂಜಿನ್ ಜೊತೆ ನಾಲ್ಕು ಬೋಗಿ ಸೇರಿಸಿದರೆ 1.35 ಮೀಟರ್ ಆಗಿಹೋಯಿತು. ನಿಜದ ಗಾಡಿಯ ಹಾಗೆ 22 ಬೋಗಿ ಜೋಡಿಸುತ್ತೇನೆ ಅಂದರೆ ಆರು ಮೀಟರ್ ದಾಟುತ್ತದೆ, ನಿಮ್ಮ ಹಾಲ್ ಸಾಲಲ್ಲ. ಆದರೆ ಈ ಲೆಕ್ಕವನ್ನೇ ಕಾರ್ಪೆಂಟರ್‌ಗೆ ಕೊಡಬೇಡ. ಕೆಲವು ಕಂಪನಿಯವರು ಎಚ್‌ಒ ಅಂತ ಹೇಳಿಯೂ ಬೋಗಿಯ ಉದ್ದವನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿರುತ್ತಾರೆ. ನಿಮ್ಮಪ್ಪ ತಂದಿಟ್ಟ ಜರ್ಮನಿಯ ಬೋಗಿಗಳಿವೆಯಲ್ಲ, ಅವು ಹಾಗಿರಬಹುದು. ಗಾಡಿಯನ್ನು ನೆಲದ ಮೇಲೆ ಪೂರ್ತಿ ಜೋಡಿಸಿ, ಈ ತುದಿಯಿಂದ ಆ ತುದಿಯವರೆಗೆ ಟೇಪ್ ಹಿಡಿ. ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಜಾಗ ಬಿಡು. ಅದೇ ಕೇಸಿನ ಒಳ ಉದ್ದ. ಒಂದು ಗಾಡಿಗೆ ಒಂದು ತಟ್ಟು, ಅಂದರೆ ಒಂದು ಅಡ್ಡಹಲಗೆ. ಒಂದೇ ಗಾಡಿಯನ್ನು ಎರಡು ತಟ್ಟಿಗೆ ಹಂಚಿದರೆ ನನಗಂತೂ ಕಣ್ಣಿಗೆ ಒಗ್ಗಲ್ಲ.

ಆಳದ ವಿಷಯಕ್ಕೆ ಬರುತ್ತೇನೆ. ಕಾರ್ಪೆಂಟರ್‌ಗಳ ಕೈ ಪುಸ್ತಕದ ಕಪಾಟಿಗೆ ಪಳಗಿರುತ್ತದೆ, ಅದಕ್ಕೇ ಒಂಬತ್ತು ಇಂಚು ಅನ್ನುತ್ತಾರೆ. ನಿನ್ನ ಬೋಗಿಯ ಅಗಲ ನಾಲ್ಕು ಸೆಂಟಿಮೀಟರ್‌ಗೂ ಕಡಿಮೆ! ಒಂಬತ್ತು ಇಂಚಿನೊಳಗೆ ಇಟ್ಟರೆ ಖಾಲಿ ಕಲ್ಯಾಣ ಮಂಟಪದ ಮೂಲೆಯಲ್ಲಿ ಒಬ್ಬರೇ ಕೂತ ಹಾಗೆ ಕಾಣುತ್ತದೆ. ಮೇಲಾಗಿ ಆಳ ಜಾಸ್ತಿಯಾದಷ್ಟೂ ಕೇಸ್ ಗೋಡೆಯಿಂದ ಮುಂದಕ್ಕೆ ಚಾಚುತ್ತದೆ, ಸ್ಕ್ರೂ ಮೇಲೆ ಎಳೆತ ಜಾಸ್ತಿ. ಒಳಗೆ ಒಂಬತ್ತು ಸೆಂಟಿಮೀಟರ್ ಸಾಕು. ಇಂಚಲ್ಲ ಕಣೋ, ಸೆಂಟಿಮೀಟರ್. ಚೀಟಿಯಲ್ಲಿ ಬಿಡಿಸಿ ಬರೆ, ಇಲ್ಲದಿದ್ದರೆ ಅವರು ಇಂಚು ಅಂತಲೇ ಓದಿಕೊಳ್ಳುತ್ತಾರೆ. ತಟ್ಟಿನಿಂದ ತಟ್ಟಿಗೂ ಅಷ್ಟೇ ಎತ್ತರ ಇರಲಿ. ಬೋಗಿ ಐದು ಸೆಂಟಿಮೀಟರ್ ಒಳಗೇ ಇದ್ದರೂ ಮೇಲಿನಿಂದ ಬೆರಳು ಇಳಿಸಿ ಎತ್ತಬೇಕಲ್ಲ. ಎಂಜಿನ್ ತಲೆ ಮೇಲೆ ಕರೆಂಟ್ ತಂತಿಗೆ ತಾಗುವ ಕೈ, ಪ್ಯಾಂಟೋಗ್ರಾಫ್, ಎತ್ತಿ ನಿಲ್ಲಿಸಿದರೂ ತಗುಲಲ್ಲ.

ಭಾವ ತೇಗ ಹಾಕಿಸು ಅಂದಿದ್ದಾರೆ. ಭಾವ, ದುಡ್ಡು ಇದ್ದರೆ ಹಾಕಿಸಲಿ, ಆದರೆ ಇಲ್ಲಿ ಮರಕ್ಕಿಂತ ಮುಂದಿನ ಗಾಜೇ ಮುಖ್ಯ. ಚೌಕಟ್ಟಿಗೆ 18 ಎಂಎಂ, ತಟ್ಟಿಗೆ 12 ಎಂಎಂ ಒಳ್ಳೆ ಪ್ಲೈವುಡ್ ಸಾಕು. ಪ್ಲೈ ಶೀಟ್ ಎಂಟಡಿ ಉದ್ದ ಬರುವುದರಿಂದ ನಿನ್ನ ಉದ್ದಕ್ಕೆ ಜೋಡು ಹಾಕುವ ತಾಪತ್ರಯವೂ ಇಲ್ಲ. ಮರದ ನಾರು ಒತ್ತಿ ಮಾಡುವ ಎಂಡಿಎಫ್ ಬೇಡ, ತೇವ ಕುಡಿದರೆ ಊದಿಕೊಳ್ಳುತ್ತದೆ. ಮತ್ತೊಂದು ವಿಷಯ, ಇದನ್ನು ಯಾವ ಅಂಗಡಿಯವರೂ ಹೇಳಲ್ಲ. ಹೊಸ ಮರ, ಪ್ಲೈ, ಎಂಡಿಎಫ್ ಎಲ್ಲವೂ ಸ್ವಲ್ಪ ಸ್ವಲ್ಪ ಆಮ್ಲದ ಹಬೆ ಬಿಡುತ್ತವೆ. ತೆರೆದ ಕಪಾಟಿನಲ್ಲಾದರೆ ಗಾಳಿಗೆ ಹೋಗಿಬಿಡುತ್ತದೆ. ಮುಚ್ಚಿದ ಕೇಸಿನಲ್ಲಿ ಅಲ್ಲೇ ಉಳಿದು ಹಿತ್ತಾಳೆ, ಸತು, ಸೀಸದ ಭಾಗಗಳನ್ನು ನಿಧಾನಕ್ಕೆ ತಿನ್ನುತ್ತದೆ. ಗಾಜು ಕೂರಿಸಲು ಬಳಸುವ ಸಿಲಿಕೋನ್‌ನಲ್ಲೂ ಒಂದು ಜಾತಿ ಇದೆ, ಹಚ್ಚಿದಾಗ ವಿನೆಗರ್ ವಾಸನೆ ಬರುತ್ತದೆ. ಅದು ಬೇಡ, ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ ತಗೋ. ಒಳಗೆಲ್ಲ ಪೇಂಟ್ ಹೊಡೆಸಿದ ಮೇಲೆ ವಾಸನೆ ಪೂರ್ತಿ ಹೋಗುವ ತನಕ ಖಾಲಿ ಕೇಸನ್ನು ಬಾಲ್ಕನಿಯಲ್ಲಿ ತೆರೆದಿಡು. ಮೂಗು ಒಳಗಿಟ್ಟು ನೋಡು, ಗೊತ್ತಾಗುತ್ತದೆ. ವಾರಗಟ್ಟಲೆ ಆದರೂ ಆಗಲಿ, ಅವಸರ ಏನಿದೆ?

ಮುಂದಿನ ಗಾಜಿಗೆ ನಿಮ್ಮಪ್ಪ ಸ್ಲೈಡಿಂಗ್ ಅಂದಿದ್ದಾರಲ್ಲ, ಅಣ್ಣಾ, ಅದು ಶೋಕೇಸಿಗೆ ಸರಿ. ಇಲ್ಲಿ ಎರಡು ಗಾಜು ಒಂದರ ಮೇಲೊಂದು ಬರುವ ಕಡೆ ಸಂದಿ ಉಳಿಯುತ್ತದೆ, ಬೆಂಗಳೂರಿನ ಧೂಳಿಗೆ ಅಷ್ಟು ಸಾಕು. ತೆರೆದರೂ ಒಂದು ಸಲಕ್ಕೆ ಅರ್ಧ ಗಾಡಿಯಷ್ಟೇ ಕೈಗೆ ಸಿಗುವುದು ಬೇರೆ. ನಾನು ಹೇಳುವುದು ಹೀಗೆ. ಚೌಕಟ್ಟಿನ ಮೇಲೂ ಕೆಳಗೂ ಒಂದೊಂದು ಜಾಡು ಕೊರೆಸು. ಕೆಳಗಿನದು 5 ಎಂಎಂ ಆಳ, ಮೇಲಿನದು 12. ಮುಂದಿನ ಗಾಜಿನ ಹಲಗೆಯ ಎತ್ತರ ಕೇಸಿನ ಬಾಯಿಗಿಂತ 10 ಎಂಎಂ ಜಾಸ್ತಿ ಇರಲಿ. ಹಲಗೆಯನ್ನು ಮೊದಲು ಮೇಲಿನ ಜಾಡಿಗೆ ತೂರಿಸಿ ಎತ್ತಿ, ಕೆಳಗಿನದಕ್ಕೆ ಇಳಿಸಿದರೆ ಕೂತುಬಿಡುತ್ತದೆ. ಕೆಳಗೆ 5, ಮೇಲೆ 5 ಒಳಗಿರುತ್ತದೆ, ಬೀಳಲ್ಲ. ತೆಗೆಯಬೇಕಾದರೆ ಎತ್ತಿ ಮುಂದಕ್ಕೆ ಎಳಿ, ಅಷ್ಟೇ. ಕೀಲು ಬೇಡ, ಬೀಗ ಬೇಡ.

ಹೀಗೆ ಎತ್ತಿ ಇಳಿಸುವುದಕ್ಕೆ ಗಾಜಿಗಿಂತ ಅಕ್ರಿಲಿಕ್, ಅಂದರೆ ಗಾಜಿನ ಹಾಗೆ ಕಾಣುವ ಗಟ್ಟಿ ಪ್ಲಾಸ್ಟಿಕ್, ಮೇಲು. 4 ಎಂಎಂ ಗಾಜು ಒಂದು ಚದರ ಮೀಟರ್‌ಗೆ 10 ಕೆಜಿ ತೂಗುತ್ತದೆ, ಅಕ್ರಿಲಿಕ್ ಅದರ ಅರ್ಧವೂ ಇಲ್ಲ. ಗೀರು ಬೀಳುತ್ತದೆ ಅನ್ನುವುದು ನಿಜ. ಒಣ ಬಟ್ಟೆಯಲ್ಲಿ ಉಜ್ಜಿದರೆ ಇನ್ನಷ್ಟು ಧೂಳು ಎಳೆದುಕೊಳ್ಳುತ್ತದೆ. ಮೆತ್ತನೆ ಬಟ್ಟೆ ಒದ್ದೆ ಮಾಡಿ ಒರೆಸು. ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಹತ್ತಿರವೂ ತರಬೇಡ, ಅಕ್ರಿಲಿಕ್ ಸಣ್ಣಗೆ ಸೀಳು ಬಿಡುತ್ತದೆ. ಮನೆಗೆಲಸದವರಿಗೂ ಹೇಳಿಡಿ, ಅತ್ತಿಗೆ.

ತಟ್ಟಿನ ಮೇಲೆ ಹಳಿ ಹೇಗೆ ಅಂತ ನೀನು ಕೇಳಿದ್ದೆ. ನಿಜವಾದ ಟ್ರ್ಯಾಕ್ ತುಂಡುಗಳನ್ನೇ ಹಾಕು, ಮಿಕ್ಕಿದ್ದು ಇದೆಯಲ್ಲ. ತಟ್ಟಿನ ಹಲಗೆಗೇ ಜಾಡು ಕೊರೆಸುವುದಾದರೆ ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಎಂಎಂ ಅಂತ 87ರಿಂದ ಭಾಗಿಸಲು ಹೋಗಬೇಡ. 19 ಎಂಎಂ ಮೇಲೆ ಬರುತ್ತದೆ, ಆದರೆ ನಿನ್ನ ಮಾಡೆಲ್ ಓಡುವುದು 16.5 ಎಂಎಂ ಹಳಿಯ ಮೇಲೆ. ಕಾರ್ಪೆಂಟರ್ ಕೈಗೆ ಒಂದು ಹಳೆ ಬೋಗಿಯನ್ನೇ ಕೊಡು.

ಗೋಡೆ ಯಾವುದು ಅಂತ ನೀನು ಬರೆದೇ ಇಲ್ಲ. ಪಶ್ಚಿಮದ ಕಿಟಕಿಯ ಎದುರಿನ ಗೋಡೆ ಬೇಡ, ಸಂಜೆ ಬಿಸಿಲಿಗೆ ರಾಜಧಾನಿ ಎಕ್ಸ್‌ಪ್ರೆಸ್ ಬೋಗಿಗಳ ಕೆಂಪು ಮಸುಕಾಗುತ್ತದೆ. ಮಳೆ ಹೊಡೆಯುವ ಹೊರಗೋಡೆ, ಬಚ್ಚಲುಮನೆಗೆ ತಾಗಿದ ಗೋಡೆ ಎರಡೂ ಬೇಡ. ಅಡುಗೆಮನೆ ಕಡೆಯದೂ ಬೇಡ, ಒಗ್ಗರಣೆಯ ಹೊಗೆ ಧೂಳಿನ ಜೊತೆ ಸೇರಿದರೆ ಬ್ರಷ್‌ಗೆ ಬಗ್ಗಲ್ಲ. ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲೂ ಎಂಜಿನ್‌ಗಳು ಬಯಲಲ್ಲಿ ನಿಂತಿವೆ, ಅರಮನೆಯವರ ಬೋಗಿಗಳಿಗೆ ಮಾತ್ರ ಶ್ರೀರಂಗ ಪೆವಿಲಿಯನ್ ಅನ್ನುವ ಸೂರು ಇದೆ. ಚಿಕ್ಕವನಿದ್ದಾಗ ನಿನ್ನನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವುದೇ ದೊಡ್ಡ ಕಷ್ಟ ಆಗಿತ್ತು. ಹಾಂ, ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ ಡ್ರಿಲ್ ಮಾಡಿಸಬೇಡ, ವೈರಿಂಗ್ ಪೈಪ್ ಅಲ್ಲೇ ಹೋಗಿರುತ್ತದೆ.

ನೇತು ಹಾಕುವುದಕ್ಕೆ ಒಂದು ಮರದ ರೀಪರ್ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಸು. ಒಂದು ಭಾಗ ಗೋಡೆಗೆ, ಇನ್ನೊಂದು ಕೇಸಿನ ಬೆನ್ನಿಗೆ. ಓರೆಯ ಮೇಲೆ ಓರೆ ಕೂರುತ್ತದೆ, ಬೇಕಾದಾಗ ಇಡೀ ಕೇಸನ್ನು ಎತ್ತಿ ಇಳಿಸಬಹುದು. ನೀವು ಬಾಡಿಗೆ ಮನೆಯಲ್ಲಿರುವುದು, ಇದು ಉಪಯೋಗಕ್ಕೆ ಬರುತ್ತದೆ. ರಸಮಟ್ಟ ಇಟ್ಟು ನೋಡಿದ ಮೇಲೂ ಒಂದು ಬೋಗಿಯನ್ನು ಹಳಿ ಮೇಲೆ ಬಿಟ್ಟು ನೋಡು. ಕೂದಲೆಳೆ ಓರೆ ಇದ್ದರೂ ಅದು ತಾನಾಗಿ ಉರುಳುತ್ತದೆ.

ಹಿಂಭಾಗಕ್ಕೆ ತಿಳಿ ಬೂದು ಬಣ್ಣ ಹೊಡೆಸು. ಕನ್ನಡಿ ಬೇಡ, ಒಂದು ಗಾಡಿ ಎರಡಾಗಿ ಕಂಡು ಗಜಿಬಿಜಿ ಆಗುತ್ತದೆ. ಎಲ್‌ಇಡಿ ಪಟ್ಟಿ ಪ್ರತಿ ತಟ್ಟಿಗೂ ಮುಂದಿನ ಮೇಲಂಚಿನಲ್ಲಿ, ಒಳಮುಖವಾಗಿ. ಹಿಂದೆ ಹಾಕಿದರೆ ಬೋಗಿಯ ಈ ಕಡೆ ಬರೀ ಕತ್ತಲು. ಅಡಾಪ್ಟರ್ ಕೇಸಿನ ಹೊರಗೇ ಇರಲಿ, ಬಿಸಿಯಾಗುತ್ತದೆ.

ರೈಲು ಬಂದ ಡಬ್ಬಿಗಳನ್ನು ಎಸೆಯಬೇಡ, ಅಟ್ಟದ ಮೇಲಿಡು. ಎಂಜಿನ್‌ಗಳನ್ನು ಮಾತ್ರ ವರ್ಷಗಟ್ಟಲೆ ಕೇಸಿನಲ್ಲೇ ನಿಲ್ಲಿಸಬೇಡ. ಎಣ್ಣೆ ಗಟ್ಟಿಯಾಗುತ್ತದೆ, ಚಕ್ರಕ್ಕೆ ರಬ್ಬರ್ ಬಳೆ ಇದ್ದರೆ ಚಪ್ಪಟೆಯಾಗುತ್ತದೆ. ಆಗಾಗ ಇಳಿಸಿ ಒಂದೆರಡು ಸುತ್ತು ಓಡಿಸು. ಸರಿ, ಗಾಡಿಯ ಉದ್ದ, ಗೋಡೆಯ ಫೋಟೋ ಇವತ್ತೇ ಹಾಕು. ಭಾನುವಾರ ಕಾರ್ಪೆಂಟರ್ ಬಂದಾಗ ಫೋನ್ ಸ್ಪೀಕರ್‌ನಲ್ಲಿಡು, ನಾನೇ ಅವರ ಹತ್ತಿರ ಮಾತಾಡುತ್ತೇನೆ.