ಪದ ಬೇಕು: ಮಾಯಿಸ್ಟ್ ಡೆಸಿಡುಯಸ್, ಡ್ರೈ ಡೆಸಿಡುಯಸ್ ಕಾಡು (ತುರ್ತು)

ಸಸ್ಯೋದ್ಯಾನದ ಎರಡು ಫಲಕ ನಾಳೆ ಅಚ್ಚಿಗೆ ಹೋಗಬೇಕು. ಕರಡಿನಲ್ಲಿ ‘ತೇವ ಎಲೆಯುದುರುವ ಕಾಡು’, ‘ಒಣ ಎಲೆಯುದುರುವ ಕಾಡು’ ಎಂದಿದೆ. ಸರಿಯೇ? ಕೆಳಗೆ ಎರಡು ಸಾಲಿನ ವಿವರಣೆಗೂ ಜಾಗವಿದೆ.

ಮರು:
ಸರಿಯಿಲ್ಲ. ‘ಒಣ ಎಲೆಯುದುರುವ ಕಾಡು’ ಎಂದರೆ ಒಣಗಿದ ಎಲೆ ಉದುರುವ ಕಾಡು. ವಿಶೇಷಣ ಎಲೆಗೇ ಅಂಟಿಕೊಂಡಿತು, ಕಾಡಿನ ತನಕ ಹೋಗಲೇ ಇಲ್ಲ. ‘ಎಲೆಯುದುರುವ ಒಣಕಾಡು’, ‘ಎಲೆಯುದುರುವ ತೇವಕಾಡು’ ಮಾಡಿ. ವಿವರಣೆಯಲ್ಲಿ ಮಳೆಯ ಲೆಕ್ಕ ಕೊಡಿ: ತೇವಕಾಡಿಗೆ ವರ್ಷಕ್ಕೆ ಸುಮಾರು 100–200 ಸೆಂ.ಮೀ., ಒಣಕಾಡಿಗೆ 70–100. ಇಲ್ಲದಿದ್ದರೆ ‘ಒಣ’ ನೋಡಿ ಕುರುಚಲು ಎಂದುಕೊಳ್ಳುತ್ತಾರೆ.

ಮರು:
ಆರ್ದ್ರ ಪರ್ಣಪಾತಿ, ಶುಷ್ಕ ಪರ್ಣಪಾತಿ. ಈ ಸರ್ಕಸ್ಸೇ ಬೇಡ. ಲ್ಯಾಟಿನ್ನಿನ ‘ಡೆಸಿಡೆರೆ’ಯಲ್ಲಿ ಇರುವುದೂ ಬೀಳುವುದೇ, ‘ಪಾತ’ವೂ ಅದೇ. ‘ಪತನಶೀಲ’ ಮಾತ್ರ ಹಾಕಬೇಡಿ, ಬೀಳುವುದು ಎಲೆಯೋ ಮರವೋ ಗೊತ್ತಾಗುವುದಿಲ್ಲ.

ಮರು:
‘ಪರ್ಣ’ ಎಂದು ಯಾರು ಆಡುತ್ತಾರೆ? ಸುಡುಗಾಡು ಇದ್ದಂತೆ ‘ಉದುರೆಲೆಗಾಡು’. ಕ್ರಿಯೆಯ ಪದವನ್ನು ನಾಮಪದಕ್ಕೆ ಬೆಸೆಯುವ ಗಮಕ ಸಮಾಸ, ಅಷ್ಟು ಸಾಕು.

ಮರು:
ಓದಿದವರಿಗೆ ಸುಡುಗಾಡೇ ನೆನಪಾಗುತ್ತದೆ. ಬಿಡಿ.

ಮರು:
ಬರೀ ‘ಉದುರು’ ಸಾಲದು. ನಿತ್ಯಹರಿದ್ವರ್ಣದ ಮರಗಳೂ ಎಲೆ ಉದುರಿಸುತ್ತವೆ, ಒಮ್ಮೆಲೇ ಬೋಳಾಗುವುದಿಲ್ಲ ಅಷ್ಟೇ. ಇಲ್ಲಿ ಮರವೇ ಕಳಚುತ್ತದೆ. ಎಲೆಯಿಂದ ಬರುವ ಆಕ್ಸಿನ್ ಎಂಬ ಸಸ್ಯ ಹಾರ್ಮೋನು ತಗ್ಗಿ, ಎಥಿಲೀನ್ ಎಂಬ ಇನ್ನೊಂದು ಹಾರ್ಮೋನು ಮೇಲುಗೈಯಾದಾಗ ತೊಟ್ಟಿನ ಬುಡದಲ್ಲಿ ಒಂದು ಪದರದ ಕೋಶಗಳು ಬಿಟ್ಟುಕೊಳ್ಳುತ್ತವೆ, ಕೊಂಬೆಯ ಕಡೆ ಬೆಂಡಿನಂಥ ಪೊರೆ ಗಾಯ ಮುಚ್ಚುತ್ತದೆ. ಮುರಿದು ಒಣಗಿದ ಕೊಂಬೆಯಲ್ಲಿ ಈ ಕೆಲಸ ನಡೆಯದ ಕಾರಣ ಎಲೆ ಸತ್ತರೂ ಜೋತಾಡುತ್ತಲೇ ಇರುತ್ತದೆ. ಹಾಗಾಗಿ ‘ಎಲೆ ಕಳಚುವ ಕಾಡು’. ‘ತೊಟ್ಟು ಕಳಚಿತು’ ಎನ್ನುತ್ತೇವಲ್ಲ.

ಇನ್ನೊಂದು: ವಿವರಣೆಯಲ್ಲಿ ‘ಶರತ್ಕಾಲದಲ್ಲಿ ಉದುರುತ್ತವೆ’ ಎಂದು ನಕಲು ಹೊಡೆಯಬೇಡಿ. ಅದು ಹಗಲು ಕುಗ್ಗಿ ಚಳಿ ಏರುವ ಓಕ್, ಮೇಪಲ್ ಕಾಡಿನ ಮಾತು. ತೇಗ, ಮತ್ತಿ, ದಿಂಡಿಗ ಬೋಳಾಗುವುದು ಮಳೆ ನಿಂತು ಮಣ್ಣಿನ ನೀರು ತೀರಿದಾಗ. ಮುತ್ತುಗವಂತೂ ಎಲೆಯಿಲ್ಲದಾಗಲೇ ಮೈತುಂಬ ಹೂ ಬಿಡುತ್ತದೆ.

ಮರು:
ಆಕ್ಸಿನ್, ಎಥಿಲೀನ್ ನಡೆಯುತ್ತದೆ, ಪರ್ಣ ಮಾತ್ರ ಹೊರಗಿನದು! ಭೇಷ್.

ಮರು:
ಆಕ್ಸಿನ್ನಿಗೆ ನಮ್ಮಲ್ಲಿ ಹೆಸರಿಲ್ಲ, ತಂದುಕೊಂಡೆವು. ಎಲೆಗೆ ಇದೆ. ಸಾಲ ಮಾಡುವುದು ಮನೆಯಲ್ಲಿ ಇಲ್ಲದ್ದಕ್ಕೆ.

ಮರು:
‘ಎಲೆಯುದುರುವ ಒಣಕಾಡು’, ‘ಎಲೆಯುದುರುವ ತೇವಕಾಡು’ ಕಳಿಸುತ್ತಿದ್ದೇನೆ, ಆವರಣದಲ್ಲಿ ‘ಪರ್ಣಪಾತಿ’.

ಮರು:
ಆವರಣದಲ್ಲೂ ಬೇಡ.